ಬರಗಾಲದ ಹಿತ್ತಿಲು

ಬಾದಾಮಿಯ ಸಮೀಪದಲ್ಲಿರುವ ಬನಶಂಕರಿಯ ಜಾತ್ರೆಯನ್ನು ಕಂಡರಿಯದ ಮನೆತನವು ನಮ್ಮ ಸೀಮೆಯಲ್ಲಿ ವಿರಳ. ಪುಷ್ಯಮಾಸದ ಬನದ ಹುಣ್ಣಿವೆಯ ಈ ಉತ್ಸವದಲ್ಲಿ ಪಲ್ಯೆದ ಹಬ್ಬವೆಂಬದೊಂದುಂಟು. ಆ ದಿನ ದೇವಿಗೆ ೧೦೮ ಬಗೆಯ ಕಾಯಿಪಲ್ಯೆಗಳ ನೈವೇದ್ಯವಾಗುವದು. ಬಹುಕಾಲ ಮಳೆಯಿಲ್ಲದೆ ಲೋಕವು ಹಸಿದಾಗ ದೇವಿಯು ತನ್ನ ದೇಹದಿಂದಲೇ ಶಾಕಗಳನ್ನು ಬೆಳೆದು ಜೀವಿಗಳನ್ನು ಸಲಹಿ ಶಾಕಂಭರಿಯೆನಿಸಿದಳೆಂದು ದೇವೀಮಾಹಾತ್ಮ್ಯೆಯು ಹೇಳುತ್ತದೆ. ಮಳೆಯನ್ನೇ ನಂಬಿದ ನಾಡು ಇಂಥ ತಾಯಿಗೆ ಮೊರೆಹೊಕ್ಕದ್ದು ಸಹಜವೇ ಸರಿ. ಆದರೆ ನಿಜವಾದ ಬರವು ಬಂದೊದಗಿದಾಗ ನಮ್ಮ ಮನೆಗಳ ಹಿತ್ತಿಲು ಮನೆಮಂದಿಯನ್ನು ಎಷ್ಟರ ಮಟ್ಟಿಗೆ ಕಾಯಿತೆಂಬದನ್ನು ಇತಿಹಾಸದಿಂದಲೇ ತಿಳಿಯಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳ ಒಕ್ಕಲಿಗರ ಮನೆಗೆ ಹಿಂದೆ ಎರಡು ಆಸರೆಗಳಿದ್ದವು. ಒಂದು, ನೆಲದೊಳಗಣ ಹಗೇವು. ಒಳ್ಳೆಯ ವರ್ಷದ ಜೋಳವನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿಟ್ಟರೆ ಕೆಟ್ಟ ವರ್ಷಕ್ಕೆ ಒದಗುತ್ತಿತ್ತು. ಇನ್ನೊಂದು, ಹೆಂಗಸರ ಕೈಯಲ್ಲಿಯ ಹಿತ್ತಿಲು. ಬಚ್ಚಲದ ನೀರು ಹರಿಯುವಲ್ಲಿ ಬದನೆ, ಮೆಣಸಿನ ಗಿಡಗಳು, ಬೇಲಿಯ ಮೇಲೆ ಹೀರೆ, ಅವರೆಗಳ ಬಳ್ಳಿಗಳು, ಮೂಲೆಯಲ್ಲೊಂದು ನುಗ್ಗೆ. ಹೊಲದ ಅಕ್ಕಡಿಯಲ್ಲಿ ಪುಂಡಿಯ ಪಲ್ಯೆ, ಸವತೆ. ಹೆಚ್ಚಾದ ಚವಳಿಕಾಯಿ, ಮೆಣಸಿನಕಾಯಿಗಳನ್ನು ಒಣಗಿಸಿ ಬಾಳಕ ಮಾಡಿಡುವದು ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಬಿತ್ತದೆ ಬೆಳೆಯುವ ಗೋಳಿ, ಕಿರಕಸಾಲಿ ಮೊದಲಾದ ತೊಪ್ಪಲ ಪಲ್ಯೆಗಳ ಗುರುತನ್ನೂ ಅವರೇ ಬಲ್ಲರು. ಕಂದಾಯಕ್ಕೆ ಸಂಬಂಧವಿಲ್ಲದ ಈ ಬೆಳೆಯು ಕುಲಕರ್ಣಿಯ ದಫ್ತರವನ್ನು ಸೇರಲಿಲ್ಲ. ಆದಕಾರಣ ಬರಗಾಲದ ಚರಿತ್ರೆಗಳಲ್ಲಿಯೂ ಅದರ ಮಾತು ಕಡಿಮೆ.

ಈ ಆಸರೆಗಳೆರಡೂ ೧೮೭೬ರಲ್ಲಿ ಒಟ್ಟಿಗೆ ಪರೀಕ್ಷೆಗೆ ಗುರಿಯಾದವು. ಆಗ ಈ ತಾಲೂಕುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಮಳೆ ಹೋಯಿತು, ಹಗೇವುಗಳು ಬರಿದಾದವು. ಬಾವಿ ಬತ್ತಿದ ಮೇಲೆ ಬಚ್ಚಲಕ್ಕೇ ನೀರಿಲ್ಲ, ಹಿತ್ತಿಲಿಗೆಲ್ಲಿಯದು? ಜನರು ಸರಕಾರದ ಕಾಮಗಾರಿಗಳಿಗೆ ಹೊರಟರು. ಸರ್ ರಿಚರ್ಡ ಟೆಂಪಲ್ಲನು ೧೮೭೭ರಲ್ಲಿ ಗೊತ್ತುಪಡಿಸಿದ ಕೂಲಿಯೆಂದರೆ ಗಂಡಾಳಿಗೆ ದಿನಕ್ಕೊಂದು ಪೌಂಡು ಧಾನ್ಯ ಮತ್ತು ಒಂದಾಣೆ. ದುಡಿಯುವ ದೇಹಕ್ಕೆ ಇದು ಸಾಲದು, ಧಾನ್ಯವನ್ನು ಹೆಚ್ಚಿಸಿ ಅದರೊಂದಿಗೆ ಬೇಳೆ, ಕಾಯಿಪಲ್ಯೆಗಳೂ ಬೇಕೆಂದು ಮದ್ರಾಸ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ ಕಾರ್ನಿಶನು ವಾದಿಸಿದನು. ನಮ್ಮ ಮನೆಗಳ ಅಜ್ಜಿಯರು ಇದೇ ಮಾತನ್ನು ಹೇಳಿದ್ದರೆ ಕೇಳುವವರು ಯಾರಿದ್ದರು? ೧೮೭೨ರಲ್ಲಿ ೮ ಲಕ್ಷ ೧೬ ಸಾವಿರದಷ್ಟಿದ್ದ ಜಿಲ್ಲೆಯ ಜನಸಂಖ್ಯೆಯು ೧೮೮೧ರಲ್ಲಿ ೬ ಲಕ್ಷ ೩೮ ಸಾವಿರಕ್ಕಿಳಿಯಿತು. ಇವರಲ್ಲಿ ಸತ್ತವರೂ ಉಂಟು, ಊರು ಬಿಟ್ಟವರೂ ಉಂಟು. ಶಾಕಂಭರಿಯ ಮಡಿಲಲ್ಲಿಯೇ ಇಷ್ಟು ಮನೆಗಳ ಒಲೆಗಳು ಆರಿಹೋದವು.

ಎರಡನೆಯ ಪರೀಕ್ಷೆಯು ಮಹಾಯುದ್ಧದ ಕಾಲದ್ದು. ೧೯೪೨ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಗಿ ಬ್ರಹ್ಮದೇಶದ ಅಕ್ಕಿಯು ಬರುವದು ನಿಂತಿತು. ಅದೇ ವರ್ಷ ಸರಕಾರವು ಹೆಚ್ಚು ಆಹಾರ ಬೆಳೆಯುವ ಚಳವಳಿಯನ್ನು ದೇಶದಲ್ಲೆಲ್ಲ ಹೂಡಿತು. ವಿಧಿಯ ವಿಪರೀತವನ್ನು ನೋಡಿರಿ: ಹೆಚ್ಚು ಬೆಳೆಯಿರೆಂಬ ಕರೆಯೂ ವಿಜಾಪುರ ಜಿಲ್ಲೆಯ ಬರವೂ ಜೊತೆಯಾಗಿಯೇ ಬಂದವು. ಈ ತಾಲೂಕುಗಳು ಆಗ ಆ ಜಿಲ್ಲೆಯಲ್ಲಿಯೇ ಇದ್ದವು. ಆದರೂ ೧೮೭೬ರ ಅನಾಹುತವು ಅದೇ ಪ್ರಮಾಣದಲ್ಲಿ ಮರಳಲಿಲ್ಲ. ೧೮೮೦ರ ಬರಗಾಲದ ಆಯೋಗದ ತರುವಾಯ ಪರಿಹಾರದ ನಿಯಮಗಳು ಏರ್ಪಟ್ಟಿದ್ದವು. ಹೊಟಗಿಯಿಂದ ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಕ್ಕೆ ರೈಲು ಬಂದು ಆಗಲೇ ಅರ್ಧ ಶತಮಾನವು ಕಳೆದಿತ್ತು. ಕೂಲಿ ದೊರೆತದ್ದರಿಂದ, ಕಾಳು ಬಂದದ್ದರಿಂದ ಜೀವ ಉಳಿಯಿತು. ೧೯೪೩ರಲ್ಲಿ ಬಂಗಾಲದಲ್ಲಿ ಆ ನಿಯಮಗಳನ್ನು ಜಾರಿಗೆ ತರದೆ ಲಕ್ಷಗಟ್ಟಲೆ ಜನರು ಮಡಿದದ್ದನ್ನು ಇದಕ್ಕೆ ಹೋಲಿಸಿದರೆ ಭೇದವು ತಾನಾಗಿ ತಿಳಿಯುವದು.

ಹಾಗಾದರೆ ಹಿತ್ತಿಲು ನಿರರ್ಥಕವೇ? ಅಲ್ಲ. ಅಳೆದು ಕೊಡುವ ಕಾಳು ಹೊಟ್ಟೆಯ ಉರಿಯನ್ನು ತಣಿಸಬಲ್ಲದು. ಅದೊಂದರಿಂದಲೇ ದೇಹವು ನೆಟ್ಟಗಿರಲಾರದು. ಹಸಿರು ಸೊಪ್ಪಿನಿಂದ ದೊರೆಯುವ ಎ ಜೀವಸತ್ವವು ಕಡಿಮೆಯಾದರೆ ಮಕ್ಕಳಿಗೆ ಇರುಳುಗಣ್ಣು ಬರುವದು. ಒಂದು ಹಿಡಿ ನುಗ್ಗೆಯ ಸೊಪ್ಪು ಮಾಡುವ ಕೆಲಸವನ್ನು ಒಂದು ಸೇರು ಜೋಳವು ಮಾಡಲಾರದು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಗೃಹಿಣಿಯ ಪಾಲಿಗಂತೂ ರೊಟ್ಟಿಯು ಕಡಿಮೆಯಾದ ದಿನ ಪಲ್ಯೆಯೇ ಊಟ.

ಆದರೆ ಹಿತ್ತಿಲೇ ಇಲ್ಲದವರ ಗತಿಯೇನು? ಇಳಕಲ್ಲಿನ ನೇಕಾರನ ಮನೆಯಲ್ಲಿ ಮಗ್ಗವೇ ಅರ್ಧ ಜಾಗವನ್ನು ತಿನ್ನುವದು. ಅವನ ಬೆಳೆಯು ಸೀರೆ. ಅವನ ಮಳೆಯು ನೂಲು. ಬರದಲ್ಲಿ ಸೀರೆ ಕೊಳ್ಳುವವರಿಲ್ಲ. ಯುದ್ಧದಲ್ಲಿ ನೂಲು ದುರ್ಲಭವಾಗಿ ೧೯೪೩ರಲ್ಲಿ ಬಟ್ಟೆ, ನೂಲುಗಳ ಮೇಲೆ ಸರಕಾರದ ಹತೋಟಿಯೇ ಬಂದಿತು. ಪೇಟೆಯಲ್ಲಿ ಕಾಳಿದ್ದರೂ ಕೈಯಲ್ಲಿ ಕಾಸಿಲ್ಲದವನು ಹಸಿದಿರಬೇಕಾಗುವದು. ‘ಪ್ರತಿಯೊಬ್ಬನೂ ಬೆಳೆದುಕೊಳ್ಳಲಿ’ ಎಂದು ಉಪದೇಶಿಸುವವರು ಈ ಮಗ್ಗದ ಮನೆಯನ್ನು ಮೊದಲು ನೆನೆಯಬೇಕು. ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗಲೂ ದಿನಗೂಲಿಯ ಮನೆಗಳು ಈ ಸಂಗತಿಯನ್ನೇ ಮತ್ತೊಮ್ಮೆ ಅನುಭವಿಸಿದವು.

ಇಂದು ಹಗೇವುಗಳು ಮುಚ್ಚಿಹೋಗಿವೆ. ಹಳೆಯ ಬಾಗಲಕೋಟೆಯ ಎಷ್ಟೋ ಹಿತ್ತಿಲುಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆ. ಅದೇ ಊರಲ್ಲಿ ೨೦೦೮ರಲ್ಲಿ ತೋಟಗಾರಿಕೆಯ ವಿಶ್ವವಿದ್ಯಾಲಯವೂ ಸ್ಥಾಪಿತವಾಗಿದೆ. ವಿದ್ಯೆಯು ಬೆಳೆಯಲಿ, ಆದರೆ ಅತ್ತೆಯಿಂದ ಸೊಸೆಗೆ ಬಂದ ವಿದ್ಯೆಯೂ ಬರಹಕ್ಕೆ ಇಳಿಯಲಿ. ಯಾವ ತೊಪ್ಪಲು ಯಾವ ತಿಂಗಳಲ್ಲಿ ಎಲ್ಲಿ ಸಿಕ್ಕೀತು, ಯಾವುದನ್ನು ಎಷ್ಟು ಕುದಿಸಬೇಕು, ಯಾವುದನ್ನು ಮುಟ್ಟಬಾರದು ಎಂಬದನ್ನು ಬಲ್ಲ ಮುದುಕಿಯರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ವಾಚಕರು ಅವರ ಬಳಿ ಕುಳಿತು ಅದನ್ನು ಬರೆದಿಟ್ಟರೆ, ಕುಲಕರ್ಣಿಯ ದಫ್ತರವು ಬಿಟ್ಟ ಪುಟವೊಂದು ತುಂಬಿದಂತಾಗುವದು.