ಕಪ್ಪು ಮಣ್ಣಿನ ಸಾಕ್ಷ್ಯ



ವಾಯುಮಂಡಲದ ಇಂಗಾಲವನ್ನು ಇದ್ದಿಲಿನ ರೂಪದಲ್ಲಿ ಮಣ್ಣಿನೊಳಗೆ ಹುದುಗಿಸಿಡಬಹುದೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಕಟ್ಟಿಗೆ, ಹೊಟ್ಟು ಮೊದಲಾದುವನ್ನು ಗಾಳಿ ಸೋಕದಂತೆ ಕಾಯಿಸಿ ಪಡೆಯುವ ಈ ಇದ್ದಿಲಿಗೆ ಬಯೋಚಾರ್ ಎಂದು ಹೆಸರು. ಅದು ಮಣ್ಣಿನಲ್ಲಿ ಎಷ್ಟು ಕಾಲ ಉಳಿದೀತು? ಈ ಪ್ರಶ್ನೆಗೆ ಇತಿಹಾಸದ ಸಾಕ್ಷ್ಯ ದೊರೆಯುವುದು ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಯಲ್ಲಿ.

1542ರಲ್ಲಿ ಸ್ಪೇನಿನ ಒರೆಲ್ಲಾನನು ಆ ನದಿಯಲ್ಲಿ ಸಾಗಿ ಸಮುದ್ರವನ್ನು ಸೇರಿದನು. ಜೊತೆಗಿದ್ದ ಪಾದ್ರಿ ಕಾರ್ವಹಾಲನು ದಡದುದ್ದಕ್ಕೂ ಜನಭರಿತವಾದ ಊರುಗಳಿದ್ದುವೆಂದು ಬರೆದಿಟ್ಟನು. ಯುರೋಪಿನಿಂದ ಬಂದ ಸಿಡುಬು, ದಡಾರಗಳಿಗೆ ಆ ಜನರು ಅಪಾರ ಸಂಖ್ಯೆಯಲ್ಲಿ ಬಲಿಯಾದರು. ಊರುಗಳನ್ನು ಕಾಡು ಆವರಿಸಿತು. ಪಾದ್ರಿಯ ವರದಿ ಉತ್ಪ್ರೇಕ್ಷೆಯೆಂದೇ ಬಹುಕಾಲ ಎಣಿಕೆಯಾಯಿತು.

ಆದರೆ ಆ ನೆಲದಲ್ಲಿ ಅಲ್ಲಲ್ಲಿ ಮಡಕೆಚೂರುಗಳಿಂದ ಕೂಡಿದ ಫಲವತ್ತಾದ ಕಪ್ಪು ಮಣ್ಣಿದೆ. ಪೋರ್ಚುಗೀಸ್ ಭಾಷೆಯಲ್ಲಿ ಅದು 'ತೆರ್ರಾ ಪ್ರೆಟಾ'. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಬಂಡೆ ಶಿಥಿಲವಾಗಿ ಆದುದು. ಇದಾದರೋ ಮನುಷ್ಯರ ಒಲೆ, ತಿಪ್ಪೆಗಳಿಂದ ಆದುದೆಂದು ಬಹುತೇಕ ವಿದ್ವಾಂಸರ ಮತ. ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ ಅವರು 1966ರ ತಮ್ಮ ಗ್ರಂಥದಲ್ಲಿ ಇದರತ್ತ ಗಮನ ಸೆಳೆದರು. ಸುತ್ತಲಿನ ಮಣ್ಣಿಗಿಂತ 70 ಪಟ್ಟಿನವರೆಗೂ ಹೆಚ್ಚು ಇದ್ದಿಲಿನ ಇಂಗಾಲ ಇದರಲ್ಲಿದೆಯೆಂದು ಜರ್ಮನಿಯ ಬ್ರೂನೋ ಗ್ಲೇಸರ್ ಮತ್ತು ಸಂಗಡಿಗರು 2001ರಲ್ಲಿ ತಿಳಿಸಿದರು. ತರಗೆಲೆ ಬೇಗನೆ ಕೊಳೆತುಹೋಗುವ ಆ ಬಿಸಿಲು ಮಳೆಯಲ್ಲಿ ಇದ್ದಿಲು ನೂರಾರು ವರ್ಷ, ಕೆಲವೆಡೆ ಎರಡು ಸಾವಿರ ವರ್ಷ ಉಳಿದಿದೆ. ಕಾವಿನಲ್ಲಿ ಇಂಗಾಲದ ಪರಮಾಣುಗಳು ಒಂದಕ್ಕೊಂದು ಹೆಣೆದ ಉಂಗುರಗಳಾಗುವುದರಿಂದ ಸೂಕ್ಷ್ಮಜೀವಿಗಳು ಅವನ್ನು ಸುಲಭವಾಗಿ ಅರಗಿಸಿಕೊಳ್ಳಲಾರವು.

ಹಾಗೆಂದು ಎಲ್ಲ ಇದ್ದಿಲೂ ಚಿರಂಜೀವಿಯೆನ್ನಲಾಗದು. ಶತಾಯುಷಿಯೊಬ್ಬರನ್ನು ಕಂಡು ಅವರ ಓರಗೆಯವರೆಲ್ಲ ನೂರು ವರ್ಷ ಬಾಳಿದರೆಂದು ನಾವು ವೈದ್ಯರು ತೀರ್ಮಾನಿಸುವುದಿಲ್ಲ. ತೆರ್ರಾ ಪ್ರೆಟಾದಲ್ಲಿ ನಾವು ಕಾಣುವುದು ಉಳಿದ ಭಾಗವನ್ನು. ಅಳಿದುಹೋದುದರ ಲೆಕ್ಕವನ್ನು ಆ ಮಣ್ಣು ಹೇಳದು.

ಉಳಿಯುವ ಪ್ರಮಾಣ ಸುಟ್ಟ ಕಾವನ್ನು ಅವಲಂಬಿಸಿದೆ. ವಿಶ್ವಸಂಸ್ಥೆಯ ಹವಾಮಾನ ಮಂಡಳಿಯ 2019ರ ಅಂದಾಜಿನಂತೆ, 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಕಾವಿನಲ್ಲಿ ತಯಾರಾದ ಬಯೋಚಾರ್‌ನ ಇಂಗಾಲದಲ್ಲಿ 100 ವರ್ಷಗಳ ನಂತರ ಉಳಿಯುವುದು ಶೇಕಡಾ 89. 350ರಿಂದ 450 ಡಿಗ್ರಿಯಲ್ಲಾದರೆ ಶೇಕಡಾ 65. ಈ ಅಂದಾಜುಗಳೂ ಕೆಲವೇ ವರ್ಷಗಳ ಪ್ರಯೋಗಗಳಿಂದ ಲೆಕ್ಕ ಹಾಕಿದುವು.

ಇಂದು ಕಂಪನಿಗಳು ತಮ್ಮ ಹೊಗೆಗೆ ಪ್ರತಿಯಾಗಿ ಇಂತಹ ಇಂಗಾಲವನ್ನು ಹಣಕೊಟ್ಟು ಕೊಳ್ಳುತ್ತಿವೆ. ಹೊಗೆಯಂತೂ ಶತಮಾನಗಳ ಕಾಲ ಬಾನಿನಲ್ಲಿರುವುದು ಖಚಿತ. ಆದುದರಿಂದ ಅಮೆಜಾನಿನ ಹೆಸರು ಹೇಳಿ ಇದ್ದಿಲು ಮಾರುವವರನ್ನು, ಅದನ್ನು ಯಾವ ಕಾವಿನಲ್ಲಿ ಸುಟ್ಟಿರೆಂದು ಮೊದಲು ಕೇಳುವುದು ನಮ್ಮೆಲ್ಲರ ಕರ್ತವ್ಯ.