ತಲೆಯ ಹುಳುಕಡ್ಡಿಯೂ ಪ್ಯಾರಿಸ್ಸಿನ ಒಂದು ಶಾಲೆಯೂ

ಮಕ್ಕಳ ತಲೆಯಲ್ಲಿ ಕಾಣಿಸಿಕೊಳ್ಳುವ ಹುಳುಕಡ್ಡಿಯಿಂದ ಪ್ರಾಣಭಯವಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ಅಲ್ಪವ್ಯಾಧಿಯು ಎಷ್ಟೋ ಬಡಮಕ್ಕಳ ವಿದ್ಯಾಭ್ಯಾಸವನ್ನೇ ಕಸಿದುಕೊಂಡಿತು. ತಲೆಗೆ ತಲೆ ತಗಲುವುದರಿಂದಲೂ, ಒಬ್ಬರ ಬಾಚಣಿಗೆ ಟೋಪಿಗಳನ್ನು ಮತ್ತೊಬ್ಬರು ಬಳಸುವುದರಿಂದಲೂ ಹಬ್ಬುವ ರೋಗವಿದಾದ ಕಾರಣ, ಪೀಡಿತನಾದ ಬಾಲಕನನ್ನು ಶಾಲೆಯ ಹೊಸ್ತಿಲಿಂದಾಚೆ ನಿಲ್ಲಿಸುವುದೇ ಅಂದಿನವರ ಮುಖ್ಯ ಪ್ರತಿಬಂಧೋಪಾಯವಾಗಿದ್ದಿತು.

ಪ್ಲೇಗಿನ ರೋಗಿಗಳಿಗೆಂದು 1607ರಲ್ಲಿ ದೊರೆ ನಾಲ್ಕನೆಯ ಹೆನ್ರಿಯ ಆಜ್ಞೆಯಿಂದ ಸ್ಥಾಪಿತವಾಗಿ, 1801ರಿಂದ ಚರ್ಮರೋಗಗಳಿಗೆ ಮೀಸಲಾದ ಪ್ಯಾರಿಸ್ಸಿನ ಸಾಂ ಲೂಯಿ ಆಸ್ಪತ್ರೆಯು ಈ ವ್ಯಾಧಿಯ ಇತಿಹಾಸಕ್ಕೆ ಕೇಂದ್ರಸ್ಥಾನ. ಅದಕ್ಕೂ ಹಿಂದಿನ ಚಿಕಿತ್ಸೆಯ ಕ್ರೌರ್ಯವನ್ನು ಹೇಳಲು ಒಂದು ಉದಾಹರಣೆ ಸಾಕು: ಹಿಟ್ಟು, ಹುಳಿರಸ ಮತ್ತು ರಾಳಗಳನ್ನು ಕಾಯಿಸಿ ಮಾಡಿದ ಅಂಟನ್ನು ಬಟ್ಟೆಗೆ ಬಳಿದು, ಕುಲಾವಿಯಂತೆ ಮಗುವಿನ ತಲೆಗೆ ಮೆತ್ತಿ, ಅದು ಬಿಗಿದ ಬಳಿಕ ಕೂದಲಸಮೇತ ಕಿತ್ತೆಳೆಯುತ್ತಿದ್ದರು. ಶತಮಾನದ ಮಧ್ಯದಲ್ಲಿ ವೈದ್ಯ ಬಾಜಾಂ ಚಿಮಟದಿಂದ ಒಂದೊಂದೇ ಕೂದಲನ್ನು ಕೀಳುವ ಕ್ರಮವನ್ನು ಪ್ರಚಾರಕ್ಕೆ ತಂದನು. ನೋವು ತಗ್ಗಿತಾದರೂ ಕಾಲಾವಧಿ ತಗ್ಗಲಿಲ್ಲ.

ಅಷ್ಟರಲ್ಲಿಯೇ ರೋಗದ ಮೂಲವು ಪತ್ತೆಯಾಗಿದ್ದಿತು. ಹಂಗೇರಿಯಿಂದ ಪ್ಯಾರಿಸ್ಸಿಗೆ ಬಂದು ನೆಲಸಿದ್ದ ಡೇವಿಡ್ ಗ್ರೂಬಿಯು 1841ರಿಂದ 1844ರವರೆಗಿನ ತನ್ನ ಲೇಖನಗಳಲ್ಲಿ, ಹೆಸರಿಗೆ ಹುಳುವಿದ್ದರೂ ಇದು ಹುಳುವಿನ ಕೆಲಸವಲ್ಲ, ಕೂದಲನ್ನು ಮುತ್ತುವ ಸೂಕ್ಷ್ಮ ಶಿಲೀಂಧ್ರಗಳ ಕೆಲಸವೆಂದು ತೋರಿಸಿದನು. ವೈದ್ಯಲೋಕವು ಅದನ್ನು ಬಹುಮಟ್ಟಿಗೆ ಮರೆತೇಬಿಟ್ಟಿತು. ಚಿಕಿತ್ಸೆಯು ವರ್ಷಗಟ್ಟಲೆ ಎಳೆಯುತ್ತಲೇ ಇದ್ದುದರಿಂದ 1886ರಲ್ಲಿ ಸಾಂ ಲೂಯಿಯ ಆವರಣದಲ್ಲಿಯೇ ಇಂತಹ ಮಕ್ಕಳಿಗೊಂದು ಶಾಲೆಯನ್ನು ತೆರೆದರು. ರೋಗವನ್ನು ನೀಗಲಾರದ ವೈದ್ಯರು ಅಕ್ಷರವನ್ನಾದರೂ ತಪ್ಪಿಸಬಾರದೆಂದು ನಿಶ್ಚಯಿಸಿದುದು ಆ ಕಾಲದ ವಿವೇಕವೇ ಸರಿ.

ಗ್ರೂಬಿಯ ಶೋಧವನ್ನು ಪುನರುಜ್ಜೀವನಗೊಳಿಸಿದವನು ರೇಮಂ ಸಾಬೂರೋ. ಶಿಲೀಂಧ್ರಗಳನ್ನು ಬೆಳೆಸಲು ಅವನು ರೂಪಿಸಿದ ಪೋಷಕ ಮಾಧ್ಯಮವು ಇಂದಿಗೂ ಅವನ ಹೆಸರಿನಲ್ಲಿಯೇ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. 1904ರಲ್ಲಿ ಅವನೂ ನೋಯ್ರೇ ಎಂಬ ಸಹೋದ್ಯೋಗಿಯೂ ಕ್ಷಕಿರಣದಿಂದ ಕೂದಲನ್ನು ಉದುರಿಸುವ ವಿಧಾನವನ್ನು ನೆಲೆಗೊಳಿಸಿದರು. ಕಿರಣದ ಪ್ರಮಾಣವನ್ನು ಅಳೆಯಲು ಬೇರಿಯಂ ಪ್ಲಾಟಿನೊಸಯನೈಡ್ ಲೇಪಿಸಿದ ಪುಟ್ಟ ಬಿಲ್ಲೆಯೊಂದನ್ನು ಕಿರಣನಾಳಕ್ಕೂ ತಲೆಗೂ ನಡುವೆ ಇರಿಸುತ್ತಿದ್ದರು. ಅದರ ಹಸಿರು ಛಾಯೆಯು ಕಂದಿ, ನಿಗದಿಯಾದ ಬಣ್ಣಕ್ಕೆ ತಿರುಗಿದೊಡನೆ ಯಂತ್ರವನ್ನು ನಿಲ್ಲಿಸುತ್ತಿದ್ದರು. ಎರಡು ಮೂರು ವಾರಗಳಲ್ಲಿ ರೋಗಗ್ರಸ್ತವಾದ ಕೂದಲು ತಾನಾಗಿ ಉದುರಿ, ಕೆಲವು ತಿಂಗಳಲ್ಲಿ ಹೊಸದು ಚಿಗುರುತ್ತಿದ್ದಿತು. ವರ್ಷಗಳ ಸೆರೆಯು ತಿಂಗಳುಗಳಿಗೆ ಇಳಿಯಿತು.

ಆದರೆ ಆ ಕಿರಣದ ಋಣವನ್ನು ಮುಂದಿನ ಪೀಳಿಗೆ ತೀರಿಸಬೇಕಾಯಿತು. ಇಸ್ರೇಲಿಗೆ ವಲಸೆ ಬಂದು, ಬಾಲ್ಯದಲ್ಲಿ ಈ ಚಿಕಿತ್ಸೆಯನ್ನು ಪಡೆದಿದ್ದ ಹತ್ತು ಸಾವಿರಕ್ಕೂ ಮಿಕ್ಕವರನ್ನು ಕುರಿತು 1974ರಲ್ಲಿ ಪ್ರಕಟವಾದ ಅಧ್ಯಯನವು, ಅವರಲ್ಲಿ ಮಿದುಳು ಮತ್ತು ಥೈರಾಯಿಡ್ ಗಡ್ಡೆಗಳು ಹೆಚ್ಚೆಂಬುದನ್ನು ಬಯಲಿಗೆಳೆಯಿತು. 1994ರಲ್ಲಿ ಆ ದೇಶವು ಪರಿಹಾರದ ಕಾಯಿದೆಯನ್ನೇ ಮಾಡಿತು. ಇತ್ತ, 1939ರಲ್ಲಿಯೇ ಲಂಡನ್ನಿನಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ್ದ ಗ್ರಿಸಿಯೋಫುಲ್ವಿನ್, ಬಾಯಿಂದ ಸೇವಿಸಿದರೆ ಹುಳುಕಡ್ಡಿಯನ್ನು ಗುಣಪಡಿಸಬಲ್ಲುದೆಂದು 1958ರಲ್ಲಿ ಜೆಂಟಲ್ಸ್ ಎಂಬ ಸಂಶೋಧಕನು ಗಿನಿಯಿಲಿಗಳ ಮೇಲೆ ಪ್ರಯೋಗಿಸಿ ತೋರಿಸಿಕೊಟ್ಟ ಬಳಿಕ, ಕ್ಷಕಿರಣಕ್ಕೆ ಇಲ್ಲಿ ಕೆಲಸವೇ ಉಳಿಯಲಿಲ್ಲ.

ಇಂದು ನಮ್ಮ ತಂದೆತಾಯಿಗಳೂ ಉಪಾಧ್ಯಾಯರೂ ತಿಳಿದಿರಬೇಕಾದುದು ಇಷ್ಟೇ. ತಲೆಯ ಹುಳುಕಡ್ಡಿಗೆ ಬರಿಯ ಮುಲಾಮು ಸಾಲದು, ಅದು ಕೂದಲ ಬುಡವನ್ನು ಮುಟ್ಟದು. ವೈದ್ಯರು ಹೇಳಿದಷ್ಟು ವಾರ ಔಷಧವನ್ನು ಸೇವಿಸಲೇಬೇಕು. ಬಾಚಣಿಗೆ, ಟೋಪಿ, ಟವೆಲ್ಲುಗಳನ್ನು ಬೇರೆಯಾಗಿಡಬೇಕು. ರೋಮ ಉದುರಿದ ಬೆಕ್ಕಿನ ಮರಿಯನ್ನೂ ಪಶುವೈದ್ಯರಿಗೆ ತೋರಿಸಬೇಕು. ಚಿಕಿತ್ಸೆಯನ್ನು ಆರಂಭಿಸಿದ ಮಗುವನ್ನು ಮಾತ್ರ ಶಾಲೆಯಿಂದ ದೂರವಿಡಬೇಕಾಗಿಲ್ಲ. ಹಾಗೆ ಇಡುವುದು ಅನ್ಯಾಯ.