ಬಿಳಿಯ ದ್ರಾಕ್ಷಾಮದ್ಯವೂ ಮೀನೂಟವೂ: ಒಂದು ಭೋಜನನಿಯಮದ ಇತಿಹಾಸ

ಮೀನಿನೊಡನೆ ಬಿಳಿಯ ದ್ರಾಕ್ಷಾಮದ್ಯ, ಮಾಂಸದೊಡನೆ ಕೆಂಪು ಎಂಬುದು ಪಾಶ್ಚಾತ್ಯ ಭೋಜನಪದ್ಧತಿಯಲ್ಲಿ ಬಹುಮಂದಿ ಬಲ್ಲ ನಿಯಮ. ಇದನ್ನು ಮೀರಿದವನನ್ನು ಶಿಷ್ಟಾಚಾರವರಿಯದವನೆಂದು ಎಣಿಸುವುದೂ ಉಂಟು. ಹೀಗೆ ಎಲ್ಲೆಡೆ ಹಬ್ಬಿದ ನಿಯಮವು ಅನಾದಿಯೆಂದು ತೋರುವುದು ಸಹಜ. ಅದು ನಿಜವಾಗಿಯೂ ಎಷ್ಟು ಹಳೆಯದು, ಯಾವ ಕಾರಣಗಳಿಂದ ಬಂದಿತು ಎಂಬುದನ್ನು ಮುಖ್ಯವಾಗಿ ಫ್ರಾನ್ಸ್ ದೇಶದ ನಿದರ್ಶನಗಳಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವೈದ್ಯಶಾಸ್ತ್ರವನ್ನು ನೋಡೋಣ. ಮಧ್ಯಯುಗದ ಯೂರೋಪಿನ ಆಹಾರವಿಚಾರವು ಗ್ರೀಕ್ ವೈದ್ಯನಾದ ಗೇಲೆನನ ಪರಂಪರೆಯನ್ನು ಅನುಸರಿಸಿತು. ಪದಾರ್ಥಗಳೆಲ್ಲವೂ ಉಷ್ಣ, ಶೀತ, ಶುಷ್ಕ, ಆರ್ದ್ರ ಎಂಬ ಗುಣಗಳುಳ್ಳವು. ಒಂದರ ದೋಷವನ್ನು ವಿರುದ್ಧಗುಣವುಳ್ಳ ಇನ್ನೊಂದರಿಂದ ಪರಿಹರಿಸಬೇಕು. ಈ ತತ್ತ್ವವು ನಮ್ಮ ಓದುಗರಿಗೆ ಅಪರಿಚಿತವಲ್ಲ. ಆಹಾರದ ಗುಣಕ್ಕೆ ವಿಪರೀತವಾಗಿದ್ದು, ದೇಹಧಾತುಗಳಿಗೆ ವಿರೋಧಿಯಾಗದ ಪಾನವೇ ಅನುಪಾನಕ್ಕೆ ತಕ್ಕುದೆಂದು ಚರಕಸಂಹಿತೆಯ ಸೂತ್ರಸ್ಥಾನವೂ ವಿಧಿಸುತ್ತದೆ. ಗೇಲೆನನ ಪರಂಪರೆಯಂತೆ ಮೀನು ಶೀತ ಮತ್ತು ಆರ್ದ್ರ, ಮದ್ಯ ಉಷ್ಣ, ತೆಳುವಾದ ಬಿಳಿಯ ಮದ್ಯದಲ್ಲಿ ಆ ಉಷ್ಣವು ಅಲ್ಪ. ಈ ತರ್ಕವನ್ನು ಹಿಡಿದರೆ ಮೀನಿಗೆ ಬಲವಾದ ಮದ್ಯವೇ ಬೇಕಾಗುವುದು. ಆದುದರಿಂದ ಇಂದಿನ ನಿಯಮವನ್ನು ಪ್ರಾಚೀನ ವೈದ್ಯರ ಮೇಲೆ ಆರೋಪಿಸುವುದು ಸಲ್ಲದು.

ಎರಡನೆಯದು ಬಡಿಸುವ ಕ್ರಮ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಸಿರಿವಂತರ ಮನೆಗಳಲ್ಲಿ ಹಲವು ಭಕ್ಷ್ಯಗಳನ್ನು ಒಟ್ಟಿಗೆ ಮೇಜಿನ ಮೇಲೆ ಇರಿಸುತ್ತಿದ್ದರು. ಅತಿಥಿಯು ತನ್ನ ಕೈಗೆಟುಕಿದುದನ್ನು ತೆಗೆದುಕೊಳ್ಳುವನು. ಬೇಕೆಂದಾಗ ಸೇವಕನು ಮದ್ಯವನ್ನು ತಂದುಕೊಡುವನು. ಇಂತಹ ಊಟದಲ್ಲಿ ಪ್ರತಿಯೊಂದು ಭಕ್ಷ್ಯಕ್ಕೂ ತಕ್ಕ ಮದ್ಯವನ್ನು ಮೊದಲೇ ನಿಯಮಿಸುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಭಕ್ಷ್ಯಗಳನ್ನು ಒಂದಾದ ಮೇಲೊಂದರಂತೆ ಬಡಿಸುವ 'ರಷ್ಯನ್ ಕ್ರಮ'ವು ಹಬ್ಬಿತು. ರಷ್ಯದ ರಾಯಭಾರಿ ಕುರಾಕಿನನು 1810ರ ಸುಮಾರಿಗೆ ಇದನ್ನು ಪ್ಯಾರಿಸಿನಲ್ಲಿ ತೋರಿಸಿದನೆಂದು ಪ್ರತೀತಿ. ಶತಮಾನದ ಉತ್ತರಾರ್ಧದಲ್ಲಿ ಪಾಕತಜ್ಞ ಯೂರ್ಬೆನ್ ದ್ಯುಬ್ವಾ ಇದರ ಪ್ರಚಾರಕ್ಕೆ ಶ್ರಮಿಸಿದನು. ಇದರ ನಡುವೆ, 1825ರಲ್ಲಿ, ಬ್ರಿಯಾ ಸಾವರೆನನು ತನ್ನ ರುಚಿಶಾಸ್ತ್ರಗ್ರಂಥದ ಸೂಕ್ತಿಗಳಲ್ಲಿ ಪಾನಗಳು ಸೌಮ್ಯದಿಂದ ತೀಕ್ಷ್ಣಕ್ಕೆ ಸಾಗಬೇಕೆಂದು ಹೇಳಿದನು. ಆ ಸೂಕ್ತಿಯಲ್ಲಿ ಬಣ್ಣದ ಮಾತಿಲ್ಲ. ಆದರೆ ಬಡಿಸುವ ಸರದಿಯಲ್ಲಿ ಮೀನು ಸುಟ್ಟ ಮಾಂಸಕ್ಕಿಂತ ಮೊದಲು, ಪಾನದ ಸರದಿಯಲ್ಲಿ ಸೌಮ್ಯವು ತೀಕ್ಷ್ಣಕ್ಕಿಂತ ಮೊದಲು. ಈ ಎರಡು ಸರದಿಗಳು ಕೂಡಿದೆಡೆಯಲ್ಲಿ ಮೀನೂ ಬಿಳಿಯ ಮದ್ಯವೂ ಜೊತೆಯಾದುವೆಂದು ನಮ್ಮ ಅಭಿಪ್ರಾಯ.

ಔತಣದ ಕ್ರಮ ಹೀಗಾದರೆ, ಮನೆಯ ಅಡಿಗೆಯ ರೂಢಿ ಬೇರೆ. ಗೃಹಿಣಿಯು ತನ್ನ ಸೀಮೆಯಲ್ಲಿ ದೊರೆತುದನ್ನು ದೊರೆತುದರೊಡನೆ ಕೂಡಿಸಿದಳು. ಲ್ವಾರ್ ನದಿಯು ಸಮುದ್ರವನ್ನು ಸೇರುವ ನಾಂತ್ ಸೀಮೆಯಲ್ಲಿ 1709ರ ಘೋರ ಚಳಿಗೆ ದ್ರಾಕ್ಷಿಬಳ್ಳಿಗಳು ನಾಶವಾದುವು. ಅನಂತರ ಚಳಿಯನ್ನು ತಾಳಬಲ್ಲ ಬಿಳಿಯ ತಳಿಯೊಂದು ಅಲ್ಲಿ ಹಬ್ಬಿತು. ಅದರಿಂದಾಗುವ ಮಸ್ಕಡೆ ಎಂಬ ಮದ್ಯವೂ ಸಮೀಪದ ಕಡಲಿನ ಸಿಂಪಿಯೂ ಇಂದಿಗೂ ಜೊತೆಗಾರರು. ಕೆಂಪು ಮದ್ಯಕ್ಕೆ ಹೆಸರಾದ ಬೋರ್ಡೋ ಸೀಮೆಯಲ್ಲಾದರೋ ಹಾವಿನಾಕಾರದ ಲ್ಯಾಂಪ್ರಿ ಎಂಬ ಜಲಚರವನ್ನು ಕೆಂಪು ಮದ್ಯದಲ್ಲಿಯೇ ಬೇಯಿಸಿ, ಕೆಂಪು ಮದ್ಯದೊಡನೆಯೇ ಉಣ್ಣುವರು. ನಿಯಮದ ತವರೆಂದು ನಾವು ತಿಳಿಯುವ ನಾಡಿನಲ್ಲಿಯೇ ಅದಕ್ಕೆ ಅಪವಾದವಿದೆ.

ಹಾಗಾದರೆ ನಿಯಮವು ಬರಿಯ ಆಚಾರವೇ? ಅಷ್ಟು ಹೇಳಿದರೆ ಸಾಲದು. 2009ರಲ್ಲಿ ಜಪಾನಿನ ಸಂಶೋಧಕರು ಹಲವು ಕೆಂಪು ಮತ್ತು ಬಿಳಿಯ ಮದ್ಯಗಳನ್ನು ಒಣಗಿಸಿದ ಕಡಲಚಿಪ್ಪಿನ ಮಾಂಸದೊಡನೆ ಪರೀಕ್ಷಿಸಿದರು. ಬಾಯಲ್ಲಿ ಉಳಿಯುವ ಅಹಿತವಾದ ಮೀನುವಾಸನೆಗೆ ಕಾರಣವು ಮದ್ಯದಲ್ಲಿನ ಕಬ್ಬಿಣಾಂಶವೆಂದು ಅವರು ತೋರಿಸಿದರು. ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಕಬ್ಬಿಣವಿದ್ದಾಗ ಆ ವಾಸನೆ ಬಲವಾಗಿತ್ತು. ಎಂದರೆ ದೋಷವು ಕೆಂಪು ಬಣ್ಣದ್ದಲ್ಲ, ಕಬ್ಬಿಣದ್ದು. ಕಬ್ಬಿಣ ಕಡಿಮೆಯಿರುವ ಕೆಂಪು ಮದ್ಯವು ಈ ವಿಷಯದಲ್ಲಿ ನಿರ್ದೋಷಿ. ಬಿಳಿಯ ಮದ್ಯದ ಹುಳಿಯೂ ಗಮನಾರ್ಹ. ಬೆಣ್ಣೆಯಲ್ಲಿ ಬೆಂದ ಸಪ್ಪೆಯ ಮೀನಿಗೆ ಅದು ನಿಂಬೆಯ ರಸದ ಕೆಲಸವನ್ನು ಮಾಡುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಹುಣಸೆಯೋ ಪುನರ್ಪುಳಿಯೋ ಆ ಕೆಲಸವನ್ನು ಮಡಕೆಯಲ್ಲಿಯೇ ಮುಗಿಸಿರುತ್ತದೆ. ಅಲ್ಲಿಯ ಮೀನುಸಾರಿಗೆ ಫ್ರೆಂಚರ ನಿಯಮವನ್ನು ಹಾಗೆಯೇ ಹಚ್ಚುವುದು ವಿವೇಕವಲ್ಲ.

ಒಟ್ಟಿನಲ್ಲಿ, ಈ ನಿಯಮವು ಒಂದೇ ಕಾಲದಲ್ಲಿ, ಒಂದೇ ಕಾರಣದಿಂದ ಹುಟ್ಟಿದುದಲ್ಲ. ಔತಣದ ಸರದಿ, ಸೀಮೆಯ ಬೆಳೆ, ನಾಲಗೆಯ ಅನುಭವ ಇವು ಮೂರೂ ಅದರಲ್ಲಿ ಸೇರಿವೆ. ಇವನ್ನು ಬಿಡಿಸಿ ನೋಡದೆ ನಿಯಮವನ್ನು ಪ್ರಕೃತಿಸಿದ್ಧವೆಂದು ನಂಬಿದರೆ ಎರಡು ತಪ್ಪುಗಳಾಗುತ್ತವೆ: ಹಳೆಯ ಗ್ರಂಥಗಳಲ್ಲಿ ಇಲ್ಲದ ಅರ್ಥವನ್ನು ಕಾಣುತ್ತೇವೆ, ಬೇರೆ ರೀತಿಯಲ್ಲಿ ಉಣ್ಣುವವನನ್ನು ಸಂಸ್ಕಾರಹೀನನೆಂದು ಎಣಿಸುತ್ತೇವೆ. ಆಚಾರವೊಂದರ ವ್ಯಾಪ್ತಿಯು ಅದರ ಪ್ರಾಚೀನತೆಗೆ ಪ್ರಮಾಣವಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಊಟದ ಮೇಜಿನಿಂದಲೂ ಕಲಿಯಬಹುದು.